ಕೂಪರ್ ಅನ್ನೋ ಸರ್‌ನೇಮು, ಕೂಪರ್ ಹೆಸರಿನ ಊರು ನದಿ ಗುಡ್ಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮನೇಲಿ ಒಂದು ಕಳಚಿ ಬಿದ್ದ ಮರದ ಪೀಪಾಯಿ ಇದೆ. ಬಂದವರು ಇದೇನು ಅಂತ ಕೇಳ್ತಾರೆ, ನಾನು ಶುರು ಮಾಡ್ತೀನಿ, ಮಾತು ಹೇಗೋ ಕೂಪರ್ ಅನ್ನೋ ಹೆಸರಿಗೆ ಬಂದು ನಿಲ್ಲುತ್ತೆ, ಅಲ್ಲಿಂದ ಅಮೆರಿಕ, ಆಸ್ಟ್ರೇಲಿಯಾ, ಸಾತಾರಾ ಎಲ್ಲಾ ಸುತ್ತಿ ಕಾಫಿ ತಣ್ಣಗಾಗಿರುತ್ತೆ. ಕೇಳಿದ್ದನ್ನೇ ಕೇಳೋದು ಜಾಸ್ತಿ ಆಯ್ತು ಅಂತ ಎಲ್ಲಾ ಒಂದೇ ಕಡೆ ಬರೆದಿಡ್ತಾ ಇದೀನಿ.

ಕೂಪರ್ ಅಂದ್ರೆ ಅರ್ಥ ಏನು?

ಪೀಪಾಯಿ ಮಾಡೋನು, ಅಷ್ಟೇ. ಮರದ ಪೀಪಾಯಿ, ತೊಟ್ಟಿ, ಬಕೆಟ್ಟು, ಬೆಣ್ಣೆ ಕಡೆಯೋ ಮರದ ಪಾತ್ರೆ, ಇಂಥದ್ದನ್ನೆಲ್ಲ ಹಲಗೆ ಜೋಡಿಸಿ ಬಳೆ ಹಾಕಿ ಮಾಡೋ ಕಸುಬುದಾರ. ಇಂಗ್ಲೆಂಡಲ್ಲಿ ಬಹಳ ಜನಕ್ಕಿರೋ ಸರ್‌ನೇಮುಗಳ ಪಟ್ಟಿ ತೆಗೆದ್ರೆ ಮೊದಲ ಐವತ್ತರೊಳಗೆ ಬರುತ್ತೆ.

ಪದ ಎಲ್ಲಿಂದ ಬಂತು? ನಮ್ಮ ಕೂಪಮಂಡೂಕಕ್ಕೂ ಇದಕ್ಕೂ ಏನಾದ್ರೂ ನಂಟಾ?

ತಮಾಷೆಗೆ ಕೇಳಿದ್ರೂ ಪ್ರಶ್ನೆ ಚೆನ್ನಾಗಿದೆ. ಮಧ್ಯಯುಗದ ಇಂಗ್ಲಿಷಿಗೆ ಈ ಪದ ಡಚ್ಚರ ಕಡೆಯಿಂದ, ಉತ್ತರ ಜರ್ಮನಿ ಕಡೆಯಿಂದ ಬಂತು. ಅಲ್ಲಿ 'ಕೂಪೆ' ಅಂದ್ರೆ ತೊಟ್ಟಿ ಅಥವಾ ಪೀಪಾಯಿ, ಅದನ್ನ ಮಾಡೋನು 'ಕೂಪರ್'. ಅದರ ಹಿಂದೆ ಲ್ಯಾಟಿನ್ನಿನ 'ಕೂಪಾ' ಇದೆ, ಅದೂ ಪೀಪಾಯಿನೇ. ಈ ಲ್ಯಾಟಿನ್ ಕೂಪಾಗೂ ಸಂಸ್ಕೃತದ ಕೂಪಕ್ಕೂ, ಅಂದ್ರೆ ಬಾವಿ, ಗುಂಡಿಗೂ, ನಂಟಿದೆ ಅಂತ ಭಾಷಾಶಾಸ್ತ್ರದವರಲ್ಲಿ ಅನೇಕರು ಹೇಳ್ತಾರೆ. ಒಳಗೆ ಟೊಳ್ಳಾಗಿರೋದು ಅನ್ನೋದು ಮೂಲ ಭಾವ. ಹಾಗಾಗಿ ಬಾವಿಯೊಳಗಿನ ಕಪ್ಪೆಗೂ ಪೀಪಾಯಿ ಮಾಡೋ ಕೂಪರಣ್ಣನಿಗೂ ದೂರದ ಸಂಬಂಧ ಇದೆ ಅಂತ ಇಟ್ಕೊಳ್ಳಿ. ಇಂಗ್ಲಿಷಿನ ಕಪ್ಪು, ಗುಮ್ಮಟಕ್ಕೆ ಹೇಳೋ ಕ್ಯುಪೋಲ, ಇವೂ ಅದೇ ಲ್ಯಾಟಿನ್ ಮನೆಯವು.

ತಾಮ್ರದ ಕಾಪರ್‌ಗೆ ಮಾತ್ರ ಸಂಬಂಧ ಇಲ್ಲ, ಅದು ಸೈಪ್ರಸ್ ದ್ವೀಪದ ಹೆಸರಿಂದ ಬಂದಿದ್ದು, ರೋಮನ್ನರಿಗೆ ತಾಮ್ರ ಅಲ್ಲಿಂದ ಬರ್ತಿತ್ತು.

ಇನ್ನೊಂದು ಮಜಾ, ನಾವು ಹೇಳೋ 'ಪೀಪಾಯಿ'ನೂ ನಮ್ಮದಲ್ಲ, ಪೋರ್ಚುಗೀಸರ 'ಪೀಪ'. ಮೇಜು, ಸಾಬೂನು, ಚಾವಿ ಬಂದ ಹಾಗೇ ಇದೂ ಹಡಗಿಳಿದು ಬಂದು ಕನ್ನಡ ಕಲಿತ ಪದ.

ಕಸುಬಿನ ಹೆಸರು ಮನೆತನದ ಹೆಸರು ಆಗಿದ್ದು ಯಾವಾಗ?

ಒಂದು ದಿನ ಆಗಿದ್ದಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದರು, ಆಮೇಲೆ ಲೆಕ್ಕಪತ್ರ, ಕಂದಾಯ, ಕೋರ್ಟು ಕಚೇರಿ ಜೋರಾಯ್ತು. ಊರಲ್ಲಿ ಹತ್ತು ಜನ ಜಾನ್, ಹತ್ತು ಜನ ವಿಲಿಯಂ ಇದ್ರೆ ಗುಮಾಸ್ತ ಏನ್ ಮಾಡ್ಬೇಕು? ಪೀಪಾಯಿ ಜಾನ್, ಕಮ್ಮಾರ ಜಾನ್, ಗಿರಣಿ ಜಾನ್ ಅಂತ ಬರ್ಕೋತಾನೆ. 12ನೇ ಶತಮಾನದ ಕೊನೆ ಹೊತ್ತಿಗೆ ದಾಖಲೆಗಳಲ್ಲಿ ಕೂಪರ್ ಕಾಣಿಸೋಕೆ ಶುರುವಾಗುತ್ತೆ. ಆದ್ರೆ ಆಗ ಅದು ಅವನೊಬ್ಬನ ಗುರುತು, ಮಗ ಬೇಕರಿ ಇಟ್ರೆ ಮಗ ಬೇಕರ್. 13, 14ನೇ ಶತಮಾನದಲ್ಲಿ ನಿಧಾನಕ್ಕೆ ಅಪ್ಪನ ಹೆಸರೇ ಮಗನಿಗೂ ಮೊಮ್ಮಗನಿಗೂ ಅಂಟಿಕೊಳ್ತು. 1377, 1379, 1381ರಲ್ಲಿ ತಲೆಗಂದಾಯ ಹಾಕಿದ್ರಲ್ಲ, ಆ ಪಟ್ಟಿಗಳನ್ನ ನೋಡಿದ್ರೆ ಹೆಸರೂ ಕಸುಬೂ ಇನ್ನೂ ಒಂದೇ ಇರೋರು ಸಿಗ್ತಾರೆ, ಹೆಸರು ಒಂದು ಕಸುಬು ಇನ್ನೊಂದು ಆಗಿರೋರೂ ಸಿಗ್ತಾರೆ. ಹೆಸರು ಗಟ್ಟಿಯಾಗಿದ್ದು, ಕಸುಬು ಕೈಬಿಟ್ಟು ಹೋಗಿದ್ದು, ಎರಡೂ ಒಂದೇ ಕಾಲದಲ್ಲಿ ನಡೀತಿತ್ತು.

ಈ ಕೈಬಿಟ್ಟು ಹೋಗೋದನ್ನ ನೆನಪಲ್ಲಿಟ್ಕೊಳ್ಳಿ. ಕೆಳಗೆ ಊರು ನದಿಗಳ ಪಟ್ಟಿ ಬರುತ್ತೆ, ಅದಕ್ಕೆ ಹೆಸರು ಕೊಟ್ಟ ಕೂಪರ್‌ಗಳಲ್ಲಿ ಪೀಪಾಯಿ ಕಸುಬಿನಿಂದ ದೊಡ್ಡವನಾದ ಒಬ್ಬನೂ ಇಲ್ಲ.

ಎಲ್ಲಾ ಕೂಪರ್‌ಗಳೂ ದಾಯಾದಿಗಳಾ?

ಕುಲಕರ್ಣಿ ಅಂತ ಇರೋರೆಲ್ಲ ಅಣ್ಣತಮ್ಮಂದಿರಾ? ಊರಿಗೊಬ್ಬ ಕೂಪರ್ ಇದ್ದ, ಆದ್ದರಿಂದ ಊರಿಗೊಂದು ಬೇರೆ ಕೂಪರ್ ವಂಶ. ಸ್ಕಾಟ್ಲೆಂಡಿನ ಕೆಲವು ಕೂಪರ್‌ಗಳಿಗಂತೂ ಪೀಪಾಯಿಗೂ ಸಂಬಂಧ ಇಲ್ಲ, ಫೈಫ್ ಅನ್ನೋ ಕಡೆ ಕೂಪರ್ ಅಂತಲೇ ಒಂದು ಊರಿದೆ, ಸ್ಪೆಲ್ಲಿಂಗ್ ಬೇರೆ, ಅಲ್ಲಿಂದ ಬಂದವರು ಊರ ಹೆಸರು ಇಟ್ಕೊಂಡರು. ಯುರೋಪಿಂದ ಅಮೆರಿಕಕ್ಕೆ ಹೋದ ಕೂಪರ್, ಕೈಪರ್ ಥರದ ಹೆಸರಿನವರೂ ಎಷ್ಟೋ ಜನ ಇಂಗ್ಲಿಷ್ ಸ್ಪೆಲ್ಲಿಂಗಿಗೆ ಬದಲಾಯಿಸ್ಕೊಂಡಿದಾರೆ. ಇನ್ನು ಸ್ಪೆಲ್ಲಿಂಗಲ್ಲಿ ನಡುವೆ ಡಬ್ಲ್ಯು ಬರೋ ಮನೆತನ ಒಂದಿದೆ, 18ನೇ ಶತಮಾನದ ಕವಿ ವಿಲಿಯಂ ಕೂಪರ್ ಆ ಪೈಕಿ. ನೋಡಿದವರೆಲ್ಲ ಕೌಪರ್ ಅಂತ ಓದ್ತಾರೆ, ಅವರ ಮನೇಲಿ ಹೇಳ್ತಿದ್ದಿದ್ದು ಕೂಪರ್ ಅಂತಲೇ.

ಪೀಪಾಯಿ ಮಾಡೋದು ಅಷ್ಟು ದೊಡ್ಡ ವಿದ್ಯೆನಾ? ನಾಲ್ಕು ಹಲಗೆ ಜೋಡಿಸಿ ಮೊಳೆ ಹೊಡೆದ್ರಾಯ್ತಲ್ಲ?

ನಾನೂ ಹೀಗೇ ಅಂದ್ಕೊಂಡಿದ್ದೆ. ಒಂದು ಗುಜರಿ ಅಂಗಡೀಲಿ ಹಳೇ ಓಕ್ ಪೀಪಾಯಿ ಸಿಕ್ತು, ಗಿಡ ಹಾಕೋಕೆ ಚೆನ್ನಾಗಿರುತ್ತೆ ಅಂತ ತಂದು ಟೆರೇಸ್ ಮೇಲಿಟ್ಟೆ, ಮಾರ್ಚ್ ತಿಂಗಳು, ಒಂದು ವಾರ ಊರಿಗೆ ಹೋಗಿ ಬಂದು ನೋಡ್ತೀನಿ, ಬಳೆಗಳೆಲ್ಲ ಜಾರಿ ಕೆಳಗೆ ಕೂತಿವೆ, ಹಲಗೆಗಳು ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಸುತ್ತಲೂ ಬಿಚ್ಕೊಂಡು ಬಿದ್ದಿವೆ. ಒಂದೇ ಒಂದು ಮೊಳೆ ಇಲ್ಲ, ಗೋಂದಿನ ಗುರುತೂ ಇಲ್ಲ. ಅವತ್ತು ಗೊತ್ತಾಯ್ತು, ಇದನ್ನ ಹಿಡಿದಿಟ್ಟಿದ್ದು ಬರೀ ಒತ್ತಡ ಮತ್ತು ಒಳಗಿನ ತೇವ ಅಂತ. ಒಳಗೆ ನೀರೋ ಬಿಯರೋ ಇದ್ರೆ ಮರ ಊದಿಕೊಂಡು ಸಂದು ಮುಚ್ಚುತ್ತೆ, ಒಣಗಿತೋ ಕಥೆ ಮುಗೀತು.

ಬಿದ್ದ ಹಲಗೆ ಒಂದನ್ನ ಕೈಗೆತ್ಕೊಂಡು ನೋಡಿದ್ರೆ ಮನುಷ್ಯನ ಬುದ್ಧಿ ಕಾಣುತ್ತೆ. ನಡುವೆ ಅಗಲ, ಎರಡು ತುದೀಲೂ ಕಿರಿದು. ಹೊರಮೈ ಉಬ್ಬು, ಒಳಮೈ ತಗ್ಗು. ಎರಡೂ ಅಂಚು ನೇರ ಕತ್ತರಿಸಿಲ್ಲ, ಒಳಕ್ಕೆ ಓರೆ ಮಾಡಿದಾರೆ, ಆ ಓರೆ ಪಕ್ಕದ ಹಲಗೆಯ ಓರೆಗೆ ಕೂದಲಿನಷ್ಟೂ ಸಂದಿಲ್ಲದ ಹಾಗೆ ಕೂರಬೇಕು. ಹಳೇ ಕೂಪರ್‌ಗಳು ಇದನ್ನ ಅಳತೆಪಟ್ಟಿ ಇಲ್ಲದೆ ಬರೀ ಕಣ್ಣಳತೇಲಿ ಮಾಡ್ತಿದ್ರು.

ಕೆಲಸದ ಕ್ರಮ ಹೀಗೆ. ಓಕ್ ಮರವನ್ನ ಸೀಳಿ ಹಲಗೆ ಮಾಡಿ ವರ್ಷಗಟ್ಟಲೆ ಬಯಲಲ್ಲಿ ಮಳೆ ಬಿಸಿಲಿಗೆ ಒಡ್ಡಿ ಹದ ಮಾಡ್ತಾರೆ. ಆಮೇಲೆ ಹಲಗೆಗಳನ್ನ ಒಂದು ಬಳೆಯೊಳಗೆ ವೃತ್ತವಾಗಿ ನಿಲ್ಲಿಸ್ತಾರೆ, ಆಗ ನೋಡಿದ್ರೆ ಕೆಳಗೆ ಅಗಲವಾಗಿ ಹರಡಿಕೊಂಡ ಲಂಗದ ಥರ ಕಾಣುತ್ತೆ. ನಡುವೆ ಸಣ್ಣ ಬೆಂಕಿ ಹಾಕಿ, ನೀರು ಚಿಮುಕಿಸಿ, ಮರ ಮೆತ್ತಗಾದ ಹಾಗೆ ಬಳೆಗಳನ್ನ ಸುತ್ತಿಗೆಯಲ್ಲಿ ಹೊಡೀತಾ ಕೆಳಕ್ಕಿಳಿಸ್ತಾರೆ, ಹರಡಿದ್ದ ತುದಿಗಳು ಒಂದಕ್ಕೊಂದು ಸೇರ್ತವೆ. ಬೆಂಕಿ ಕಮ್ಮಿಯಾದ್ರೆ ಹಲಗೆ ಮುರಿಯುತ್ತೆ, ಜಾಸ್ತಿಯಾದ್ರೆ ಸುಟ್ಟುಹೋಗುತ್ತೆ. ಕೊನೆಗೆ ಒಳಗಡೆ ತುದಿಯ ಹತ್ರ ಒಂದು ಗೀರುಗಾಲುವೆ ಕೊರೆದು ಮುಚ್ಚಳದ ಹಲಗೆಗಳನ್ನ ಅದರೊಳಗೆ ಕೂರಿಸ್ತಾರೆ, ಸಂದಿಗೆ ಒಣ ಜೊಂಡು ಇಡ್ತಾರೆ. ನಮ್ಮ ಕಡೆ ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸೋದನ್ನ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಅಲ್ಲಿ ಪಟ್ಟಿಯನ್ನ ಕಾಯಿಸಿ ಹಾಕಿ ನೀರು ಹೊಯ್ತಾರೆ, ತಣ್ಣಗಾಗಿ ಬಿಗಿಯಾಗುತ್ತೆ. ಇಲ್ಲಿ ಬಳೆ ತಣ್ಣಗೇ ಇರುತ್ತೆ, ಹೊಟ್ಟೆ ಕಡೆ ಹೊಡೆದಷ್ಟೂ ಬಿಗಿಯಾಗುತ್ತೆ.

ಎಲ್ಲಾ ಕೂಪರ್‌ಗಳೂ ಇದನ್ನೇ ಮಾಡ್ತಿರಲಿಲ್ಲ. ಹಿಟ್ಟು, ಸಕ್ಕರೆ, ಮೊಳೆ ತುಂಬೋ ಒಣ ಪೀಪಾಯಿ ಮಾಡೋರು ಬೇರೆ, ಬಕೆಟ್ಟು ಬೆಣ್ಣೆಪಾತ್ರೆ ಮಾಡೋರು ಬೇರೆ, ಬಿಯರು ವೈನು ಸೋರದ ಹಾಗೆ ಮಾಡೋ 'ವೆಟ್ ಕೂಪರ್' ಬೇರೆ, ಈ ಕೊನೆಯವನಿಗೇ ಮರ್ಯಾದೆ ಜಾಸ್ತಿ. ಕಲಿಕೆ ಮುಗಿದ ಹುಡುಗನನ್ನ ಅವನೇ ಮಾಡಿದ ಪೀಪಾಯಿಯೊಳಗೆ ಕೂರಿಸಿ ಮಸಿ, ಹೊಟ್ಟು, ಬಿಯರು ಸುರಿದು ಅಂಗಳದಲ್ಲಿ ಉರುಳಿಸ್ತಾರೆ, ಅದೇ ಅವರ ಘಟಿಕೋತ್ಸವ.

ಪೀಪಾಯಿಗೆ ಹೊಟ್ಟೆ ಯಾಕೆ?

ಮೊದಲನೇ ಕಾರಣ ಮೇಲೆ ಹೇಳಿದ್ದೇ, ಬಳೆ ಬಿಗಿಯಾಗೋಕೆ. ಎರಡನೇದು, ಮಲಗಿಸಿದಾಗ ನೆಲ ಮುಟ್ಟೋದು ಹೊಟ್ಟೆಯ ನಡುವಿನ ಸ್ವಲ್ಪ ಜಾಗ ಮಾತ್ರ, ಇನ್ನೂರು ಕೆಜಿ ಇದ್ರೂ ಒಬ್ಬನೇ ಉರುಳಿಸ್ಕೊಂಡು ಹೋಗಬಹುದು, ಒಂದು ಕೈ ಒತ್ತಿದ್ರೆ ತಿರುಗುತ್ತೆ. ಫೋರ್ಕ್‌ಲಿಫ್ಟ್ ಇಲ್ಲದ ಕಾಲದ ಫೋರ್ಕ್‌ಲಿಫ್ಟ್.

ಅಷ್ಟೊಂದು ಕೂಪರ್‌ಗಳು ಯಾಕೆ ಬೇಕಿತ್ತು?

ಯಾಕಂದ್ರೆ ಎಲ್ಲಾ ಪೀಪಾಯಿಲೇ ಹೋಗ್ತಿತ್ತು. ಬಿಯರು, ವೈನು, ಕುಡಿಯೋ ನೀರು, ಉಪ್ಪು ಹಾಕಿದ ಮಾಂಸ, ಹೆರಿಂಗ್ ಮೀನು, ಬೆಣ್ಣೆ, ಹಿಟ್ಟು, ಹೊಗೆಸೊಪ್ಪು, ಮದ್ದಿನಪುಡಿ. ಈಗಿನ ಪ್ಲಾಸ್ಟಿಕ್ ಡ್ರಮ್ಮು, ರಟ್ಟಿನ ಡಬ್ಬ, ಕಂಟೇನರ್ರು ಮೂರೂ ಸೇರಿದ್ರೆ ಆಗಿನ ಪೀಪಾಯಿ. ಬ್ರಿಟಿಷ್ ಬಿಯರ್ ಪೀಪಾಯಿಗಳಿಗೆ ಒಂದೊಂದು ಅಳತೆಗೆ ಒಂದೊಂದು ಹೆಸರು: 9 ಗ್ಯಾಲನ್ನಿಂದು ಫರ್ಕಿನ್, 18ರದ್ದು ಕಿಲ್ಡರ್ಕಿನ್, 36ರದ್ದು ಬ್ಯಾರಲ್, 54ರದ್ದು ಹಾಗ್ಸ್‌ಹೆಡ್. ಲಂಡನ್ನಿನ ಕೂಪರ್‌ಗಳ ಸಂಘಕ್ಕೆ 1501ರಲ್ಲೇ ರಾಜನ ಸನ್ನದು ಸಿಕ್ಕಿತ್ತು, ಅಳತೆ ಮೋಸ ಮಾಡಿದ್ರೆ ಸಂಘವೇ ಹಿಡೀತಿತ್ತು.

ಹಡಗಲ್ಲಂತೂ ಕೂಪರ್ ಇಲ್ಲದೆ ಆಗ್ತಿರಲಿಲ್ಲ. 1620ರಲ್ಲಿ ಅಮೆರಿಕಕ್ಕೆ ಹೋದ ಮೇಫ್ಲವರ್ ಹಡಗಿನ ಪೀಪಾಯಿ ನೋಡ್ಕೊಳ್ಳೋಕೆ ಸೌತಾಂಪ್ಟನ್ನಲ್ಲಿ ಜಾನ್ ಆಲ್ಡನ್ ಅನ್ನೋ ಹುಡುಗನ್ನ ಕೆಲಸಕ್ಕೆ ತಗೊಂಡಿದ್ರು. ಅವನು ಅಲ್ಲೇ ಉಳಿದು ದೊಡ್ಡ ವಂಶದ ಮೂಲಪುರುಷ ಆದ. ನೋಡಿ ತಮಾಷೆ, ಕಸುಬಿಂದ ಪಕ್ಕಾ ಕೂಪರ್, ಹೆಸರಲ್ಲಿ ಕೂಪರ್ ಇಲ್ಲ!

ಇನ್ನೊಂದು ಕಥೆ ನಂಗೆ ಬಹಳ ಇಷ್ಟ. 1587ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಸ್ಪೇನಿನ ಕರಾವಳಿಗೆ ನುಗ್ಗಿ ಹಡಗು ಸುಟ್ಟಿದ್ದು ಎಲ್ಲರಿಗೂ ಗೊತ್ತು. ಅದರ ಜೊತೆ ಪೀಪಾಯಿ ಮಾಡೋಕೆ ಹದ ಮಾಡಿ ಸಾಗಿಸ್ತಿದ್ದ ಹಲಗೆ, ಬಳೆಗಳ ರಾಶಿಯನ್ನೂ ಹಿಡಿದು ಸುಟ್ಟ, 1,600-1,700 ಟನ್ ಅಂತ ಅವನೇ ಲೆಕ್ಕ ಕೊಟ್ಟಿದಾನೆ. ಮರುವರ್ಷ ಸ್ಪೇನಿನ ಆರ್ಮಡಾ, ಅಂದ್ರೆ ಯುದ್ಧ ಹಡಗುಗಳ ದಂಡು, ಇಂಗ್ಲೆಂಡಿನ ಮೇಲೆ ಹೊರಟಾಗ ಹಸಿ ಮರದ ಪೀಪಾಯಿಗಳಲ್ಲಿ ನೀರು ಸೋರಿ ಹೋಯ್ತು, ಊಟ ಕೊಳೀತು. ಫಿರಂಗಿ ಗುಂಡಿಗಿಂತ ಹಸಿ ಹಲಗೆ ಕೊಟ್ಟ ಕಾಟ ಕಮ್ಮಿಯಿಲ್ಲ.

ಈಗಲೂ ಟಿವೀಲಿ ಕಚ್ಚಾತೈಲ ಬ್ಯಾರಲ್‌ಗೆ ಇಷ್ಟು ಡಾಲರ್ ಅಂತಾರಲ್ಲ, ಅದು 42 ಅಮೆರಿಕನ್ ಗ್ಯಾಲನ್, ಸುಮಾರು 159 ಲೀಟರ್. ಪೆನ್ಸಿಲ್ವೇನಿಯಾದಲ್ಲಿ 1860ರ ದಶಕದಲ್ಲಿ ಎಣ್ಣೆ ಮರದ ಪೀಪಾಯಿಲಿ ಹೋಗ್ತಿದ್ದ ಕಾಲದ ಲೆಕ್ಕ. 40 ಗ್ಯಾಲನ್ನಿಗೆ ದುಡ್ಡು, ಸೋರಿಕೆ ಅಂತ ಮೇಲೆ ಎರಡು ಪುಕ್ಕಟೆ. ಪೀಪಾಯಿ ಹೋಯ್ತು, ಸೋರಿಕೆಯ ಲೆಕ್ಕ ಉಳೀತು.

ಬೇರೆ ಭಾಷೆಗಳಲ್ಲಿ ಕೂಪರ್‌ಗೆ ಏನಂತಾರೆ?

ಜರ್ಮನ್ನರಲ್ಲಿ ಫಾಸ್‌ಬಿಂಡರ್, ಬೋಟ್ಚರ್, ಫ್ರೆಂಚರಲ್ಲಿ ತೊನೆಲಿಯೆ, ಹಂಗೇರಿಯಲ್ಲಿ ಕಾದಾರ್, ಉಕ್ರೇನ್ ರಷ್ಯಾ ಕಡೆ ಬೊಂದಾರೆಂಕೊ, ಬೊಂದಾರೆವ್. ಇಂಗ್ಲಿಷಲ್ಲೇ ಹೂಪರ್ ಅಂತಲೂ ಇದೆ, ಬಳೆ ಹಾಕೋನು.

ಡಚ್ಚರಲ್ಲಿ ಕೈಪರ್. ಈ ಹೆಸರು ಕೇಳಿದ ಹಾಗಿದೆಯಾ? ನೆಪ್ಚೂನ್ ಆಚೆ ಪ್ಲೂಟೊ ಎಲ್ಲಾ ಇರೋ ಹಿಮಗಲ್ಲುಗಳ ಪಟ್ಟಿ, ಕೈಪರ್ ಬೆಲ್ಟ್. ನೆದರ್ಲೆಂಡ್ಸಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಖಗೋಳ ವಿಜ್ಞಾನಿ ಜೆರಾರ್ಡ್ ಕೈಪರ್ (1905-1973) ಹೆಸರು ಅದು. ಚಂದ್ರ, ಬುಧ, ಮಂಗಳ ಮೂರರ ಮೇಲೂ ಇವರ ಹೆಸರಿನ ಕುಳಿಗಳಿವೆ. ಕುಳಿ ಅಂದ್ರೂ ಟೊಳ್ಳೇ, ಕೂಪ ಅಂದ್ರೂ ಟೊಳ್ಳೇ! ಪೀಪಾಯಿಗಾರನ ಹೆಸರು ಹೋಗಿರೋ ಅತಿ ದೂರದ ಜಾಗ ಇದೇ ಇರಬೇಕು.

ಕೂಪರ್ಸ್‌ಟೌನ್ ಎಲ್ಲಿದೆ? ಬೇಸ್‌ಬಾಲಿಗೂ ಅದಕ್ಕೂ ಏನು?

ನ್ಯೂಯಾರ್ಕ್ ರಾಜ್ಯದಲ್ಲಿ, ಆಟ್ಸೀಗೊ ಸರೋವರದ ದಕ್ಷಿಣ ತುದೀಲಿ, ಸಸ್ಕ್ವೆಹಾನ ನದಿ ಹುಟ್ಟೋ ಜಾಗ. ಸುತ್ತ ಇರೋಕ್ವಾ ಜನಗಳ ನಾಡು. ವಿಲಿಯಂ ಕೂಪರ್ ಅನ್ನೋನು 1786ರಲ್ಲಿ ಊರು ಕಟ್ಟಿಸಿದ. ಇವನು ಮೊದಲು ಮಾಡ್ತಿದ್ದ ಕೆಲಸ ಏನು ಗೊತ್ತಾ, ಗಾಡಿ ಚಕ್ರ ಮಾಡೋದು. ಆಮೇಲೆ ಜಮೀನು ವ್ಯಾಪಾರಕ್ಕಿಳಿದು, ಸಾವಿರಾರು ಎಕರೆ ತಗೊಂಡು, ಸೈಟು ಮಾಡಿ ಮಾರಿ, ಜಡ್ಜ್ ಆಗಿ, ಕಾಂಗ್ರೆಸ್ಸಿಗೂ, ಅಂದ್ರೆ ಅಮೆರಿಕದ ಸಂಸತ್ತಿಗೂ, ಆರಿಸಿ ಬಂದ. ನಮ್ಮಲ್ಲಿ ಲೇಔಟ್ ಮಾಡಿ ತಮ್ಮ ಹೆಸರೇ ಇಟ್ಕೊಳ್ಳೋರಿದಾರಲ್ಲ, ಅದೇ ಜಾತಿ. 1812ರಲ್ಲಿ ಊರಿಗೆ ಅಧಿಕೃತವಾಗಿ ಕೂಪರ್ಸ್‌ಟೌನ್ ಅಂತಾಯ್ತು. ಅವನ ಮಗ ಜೇಮ್ಸ್ ಫೆನಿಮೋರ್ ಕೂಪರ್ ಅಮೆರಿಕದ ಮೊದಲ ದೊಡ್ಡ ಕಾದಂಬರಿಕಾರರಲ್ಲಿ ಒಬ್ಬ.

ಬೇಸ್‌ಬಾಲ್ ಕಥೆ ಪೂರ್ತಿ ಬುರುಡೆ. 1839ರಲ್ಲಿ ಆಬ್ನರ್ ಡಬಲ್‌ಡೇ ಅನ್ನೋನು ಇಲ್ಲೇ ಆಟ ಕಂಡುಹಿಡಿದ ಅಂತ 20ನೇ ಶತಮಾನದ ಶುರುವಲ್ಲಿ ಒಂದು ಸಮಿತಿ ತೀರ್ಪು ಕೊಡ್ತು, ಆದ್ರೆ ಆ ವರ್ಷ ಆತ ವೆಸ್ಟ್ ಪಾಯಿಂಟ್ ಸೈನಿಕ ಶಾಲೇಲಿ ಓದ್ತಿದ್ದ. ಅಷ್ಟರಲ್ಲಿ ನಂಬಿಕೆ ಬೇರೂರಿತ್ತು, 1939ರಲ್ಲಿ ಹಾಲ್ ಆಫ್ ಫೇಮ್ ಮ್ಯೂಸಿಯಂ ಅಲ್ಲೇ ತೆರೀತು. ಎರಡು ಸಾವಿರ ಜನಾನೂ ಇಲ್ಲದ ಊರು, ಬೇಸಿಗೇಲಿ ಕಾಲಿಡೋಕೆ ಜಾಗ ಇರಲ್ಲ. ಸ್ಥಳಪುರಾಣ ಸುಳ್ಳಾದ್ರೂ ಜಾತ್ರೆ ನಿಲ್ಲಲ್ಲ ಅನ್ನೋದು ನಮಗೆ ಹೊಸದೇನಲ್ಲ.

ಆಸ್ಟ್ರೇಲಿಯಾದ ಕೂಪರ್ ಕ್ರೀಕ್ ನದಿನಾ, ಹಳ್ಳಾನಾ?

ಉದ್ದ ಸುಮಾರು 1,300 ಕಿಮೀ, ಕಾವೇರಿಗಿಂತ ಎಷ್ಟೋ ಉದ್ದ, ಹೆಸರು ಮಾತ್ರ ಹಳ್ಳ. 1845ರ ಅಕ್ಟೋಬರಲ್ಲಿ ಚಾರ್ಲ್ಸ್ ಸ್ಟರ್ಟ್ ಅನ್ನೋ ಶೋಧಕ ಇಲ್ಲಿಗೆ ಬಂದಾಗ ನೀರಿತ್ತು, ಹರಿವಿರಲಿಲ್ಲ, ಹರಿಯದೇ ಇರೋದನ್ನ ನದಿ ಅನ್ನೋಕೆ ಮನಸ್ಸೊಪ್ಪದೆ ಕ್ರೀಕ್ ಅಂತ ಬರೆದ. ಸೌತ್ ಆಸ್ಟ್ರೇಲಿಯಾದ ಜಡ್ಜ್ ಚಾರ್ಲ್ಸ್ ಕೂಪರ್ ಹೆಸರಿಟ್ಟ, ಆಮೇಲೆ ಅಲ್ಲಿನ ಮೊದಲ ಚೀಫ್ ಜಸ್ಟಿಸ್ ಆದವರು. ಮೇಲ್ಗಡೆ ಥಾಮ್ಸನ್ ನದಿ, ಬಾರ್ಕೂ ನದಿ ಎರಡು ಸೇರಿ ಕೂಪರ್ ಹಳ್ಳ ಆಗೋದು, ಎರಡು ನದಿ ಕೂಡಿ ಒಂದು ಹಳ್ಳ ಆಗೋ ಜಾಗ ಪ್ರಪಂಚದಲ್ಲಿ ಇದೊಂದೇ ಅಂತ ಅಲ್ಲಿನವರು ನಗ್ತಾರೆ. ಒಳ್ಳೇ ಮಳೆ ಬಂದ ವರ್ಷ ಮಾತ್ರ ನೀರು ಐರ್ ಸರೋವರದ ತನಕ ಹೋಗಿ ಮುಟ್ಟೋದು.

ಆಸ್ಟ್ರೇಲಿಯಾದವರಿಗೆ ಈ ಹೆಸರು ಕೇಳಿದ್ರೆ ನೆನಪಾಗೋದು ಬರ್ಕ್ ಮತ್ತು ವಿಲ್ಸ್. 1860ರ ಆಗಸ್ಟಲ್ಲಿ ಮೆಲ್ಬರ್ನಿಂದ ಹೊರಟ ದಂಡು, ಖಂಡದ ದಕ್ಷಿಣದಿಂದ ಉತ್ತರದ ಸಮುದ್ರದ ತನಕ ದಾಟಬೇಕು ಅಂತ. ಅದಕ್ಕೆ ಒಂಟೆ ಹೋಗಿದ್ದು ಆಗಿನ ಬ್ರಿಟಿಷ್ ಇಂಡಿಯಾದಿಂದ, ಕರಾಚಿ ಬಂದರಿನ ಮೂಲಕ. ಕೂಪರ್ ಕ್ರೀಕಲ್ಲಿ ಒಂದು ಬಿಡಾರ ಬಿಟ್ಟು ನಾಲ್ಕು ಜನ ಮುಂದೆ ಹೋದ್ರು. ಉತ್ತರ ಮುಟ್ಟಿ ವಾಪಸ್ ಬರ್ತಾ ಒಬ್ಬ ಸತ್ತ. ಉಳಿದ ಮೂವರು 1861ರ ಏಪ್ರಿಲ್ 21ರ ಸಂಜೆ ತೆವಳಿಕೊಂಡು ಬಿಡಾರಕ್ಕೆ ಬಂದ್ರೆ ಖಾಲಿ. ನಾಲ್ಕು ತಿಂಗಳು ಕಾದು ಕಾದು ಬಿಡಾರದವರು ಅವತ್ತೇ ಬೆಳಿಗ್ಗೆ ಹೊರಟು ಹೋಗಿದ್ರು! ಮರದ ಮೇಲೆ 'ಅಗೆಯಿರಿ' ಅಂತ ಕೆತ್ತಿ ಬುಡದಲ್ಲಿ ಸ್ವಲ್ಪ ಆಹಾರ ಹೂತಿಟ್ಟಿದ್ರು. ಆ ಮರ ಇನ್ನೂ ಇದೆ.

ಬರ್ಕ್, ವಿಲ್ಸ್ ಇಬ್ಬರೂ ಆ ಹಳ್ಳದ ದಂಡೇಲೇ ತೀರಿಹೋದ್ರು. ಅಲ್ಲಿನ ಮೂಲನಿವಾಸಿಗಳು ನಾರ್ಡೂ ಅನ್ನೋ ಗಿಡದ ಬೀಜಕಾಯಿ ತಿನ್ತಿದ್ರು, ಇವರೂ ತಿಂದ್ರು, ಆದ್ರೆ ಅವರು ಹದ ಮಾಡೋ ಹಾಗೆ ಮಾಡ್ಲಿಲ್ಲ, ಸರಿಯಾಗಿ ಹದ ಮಾಡದಿದ್ರೆ ಅದು ಮೈಯಲ್ಲಿರೋ ಬಿ1 ವಿಟಮಿನ್ ಹಾಳುಮಾಡುತ್ತೆ, ಹೊಟ್ಟೆ ತುಂಬಿದ್ರೂ ಮನುಷ್ಯ ಸೊರಗ್ತಾನೆ. ಜಾನ್ ಕಿಂಗ್ ಅನ್ನೋನೊಬ್ಬ ಯಾಂಡ್ರುವಾಂಡ್ರ ಜನರ ಜೊತೆ ಸೇರ್ಕೊಂಡ, ಅವರು ಉಣಿಸಿ ಉಳಿಸಿದ್ರು, ಸೆಪ್ಟೆಂಬರಲ್ಲಿ ಹುಡುಕಿಕೊಂಡು ಬಂದವರಿಗೆ ಜೀವಂತ ಸಿಕ್ಕಿದ. ಆ ಜನಕ್ಕೆ ಆ ನೀರಿನ ಒಂದೊಂದು ಮಡುವಿನ ಹೆಸರೂ ಗೊತ್ತಿತ್ತು, ಮ್ಯಾಪಲ್ಲಿ ಬಂದಿದ್ದು ಮಾತ್ರ ದೂರದ ಅಡಿಲೇಡಲ್ಲಿ ಕೂತಿದ್ದ ಜಡ್ಜ್ ಸಾಹೇಬರ ಹೆಸರು.

ಅಮೆರಿಕದ ಚಾರ್ಲ್ಸ್‌ಟನ್‌ನಲ್ಲೂ ಕೂಪರ್ ನದಿ ಇದೆಯಲ್ಲ?

ಇದೆ, ಸೌತ್ ಕ್ಯಾರೊಲೈನಾ. ಒಂದು ಕಡೆ ಆಶ್ಲಿ ನದಿ, ಇನ್ನೊಂದು ಕಡೆ ಕೂಪರ್ ನದಿ, ನಡುವೆ ಊರು. ಎರಡೂ ಒಬ್ಬನದೇ ಹೆಸರು, ಆಂಥನಿ ಆಶ್ಲಿ ಕೂಪರ್, ಆಮೇಲೆ ಶಾಫ್ಟ್ಸ್‌ಬರಿಯ ಅರ್ಲ್ ಆದವನು. 1663ರಲ್ಲಿ ರಾಜ ಎಂಟು ಜನ ದೊಡ್ಡವರಿಗೆ ಕ್ಯಾರೊಲೈನಾವನ್ನ ಇನಾಂ ಕೊಟ್ಟ, ಅದ್ರಲ್ಲಿ ಇವನೊಬ್ಬ. ತಾಯಿ ಕಡೆ ಆಶ್ಲಿ, ತಂದೆ ಕಡೆ ಕೂಪರ್, ಎರಡೂ ಮನೆತನಕ್ಕೆ ಒಂದೊಂದು ನದಿ ಸಿಕ್ತು. ಈ ಎರಡು ನದಿ ಸೇರಿ ಅಟ್ಲಾಂಟಿಕ್ ಸಾಗರ ಆಗುತ್ತೆ ಅಂತ ಚಾರ್ಲ್ಸ್‌ಟನ್ನವರ ಜಂಬದ ಜೋಕು.

ಇಂಗ್ಲೆಂಡಲ್ಲಿ ಕೂಪರ್ಸ್ ಹಿಲ್ ಒಂದೇನಾ, ಎರಡಾ?

ಎರಡು ಹೆಸರುವಾಸಿ. ಗ್ಲಾಸ್ಟರ್‌ಶೈರಿನದು ವಿಡಿಯೋಗಳಲ್ಲಿ ಎಲ್ಲರೂ ನೋಡಿರ್ತೀರಿ, ಕಡಿದಾದ ಗುಡ್ಡದ ಮೇಲಿಂದ ಚೀಸ್ ಗಾಲಿ ಉರುಳಿಸಿ ಜನ ಹಿಂದೆ ಬಿದ್ದೆದ್ದು ಓಡೋದು. ಚೀಸು 3-4 ಕೆಜಿ ತೂಕದ ಡಬಲ್ ಗ್ಲಾಸ್ಟರ್, ಮೊದಲು ಕೆಳಗೆ ಮುಟ್ಟಿದವನಿಗೆ ಅದೇ ಬಹುಮಾನ. 1826ರಷ್ಟು ಹಿಂದಿನ ಬರಹದ ದಾಖಲೆ ಇದೆ. ಎರಡನೇ ಮಹಾಯುದ್ಧದ ರೇಷನ್ ಕಾಲದಲ್ಲಿ ಮರದ ಚೀಸ್ ಮಾಡಿ ಒಳಗೆ ಒಂದು ತುಂಡು ಚೀಸ್ ಇಟ್ಟು ಉರುಳಿಸ್ತಿದ್ರು, ಆಟ ಬಿಡಲಿಲ್ಲ.

ಇನ್ನೊಂದು ಸರ್ರೆ ಕಡೆ ಎಗಮ್ ಹತ್ತಿರ, ಕೆಳಗೆ 1215ರ ಮ್ಯಾಗ್ನಾಕಾರ್ಟಾ ಹಕ್ಕುಪತ್ರದ ರನ್ನಿಮೀಡ್ ಬಯಲು. ನಮಗೆ ಸಂಬಂಧ ಇರೋದು ಇದೇ. ಇಂಡಿಯಾದ ಪಿಡಬ್ಲ್ಯುಡಿಗೆ ಎಂಜಿನಿಯರ್‌ಗಳನ್ನ ತಯಾರು ಮಾಡೋಕೆ ರಾಯಲ್ ಇಂಡಿಯನ್ ಎಂಜಿನಿಯರಿಂಗ್ ಕಾಲೇಜು ಅಂತ ಈ ಗುಡ್ಡದ ಮೇಲೆ 1872ರಿಂದ 1906ರ ತನಕ ನಡೀತಿತ್ತು, 1885ರಿಂದ ಫಾರೆಸ್ಟ್ ಆಫೀಸರ್‌ಗಳಿಗೂ ಅಲ್ಲೇ ತರಬೇತಿ. ಇಂಡಿಯಾದ ಹಳೇ ಕಡತಗಳಲ್ಲಿ 'ಕೂಪರ್ಸ್ ಹಿಲ್ ಮನುಷ್ಯ' ಅಂತ ಕಂಡ್ರೆ ಯಾವನೋ ಕೂಪರ್ ಅಂತ ತಿಳ್ಕೋಬೇಡಿ, ಆ ಕಾಲೇಜಲ್ಲಿ ಓದಿ ಬಂದ ಎಂಜಿನಿಯರ್ ಅಂತ ಅರ್ಥ.

ನ್ಯೂಯಾರ್ಕಿನ ಕೂಪರ್ ಯೂನಿಯನ್?

ಪೀಟರ್ ಕೂಪರ್ (1791-1883). ಗೋಂದಿನ ಕಾರ್ಖಾನೇಲಿ ದುಡ್ಡು ಮಾಡಿ, 1830ರಲ್ಲಿ ಟಾಮ್ ಥಂಬ್ ಅನ್ನೋ ಪುಟ್ಟ ರೈಲ್ವೆ ಎಂಜಿನ್ ಓಡಿಸಿದವನು. ತಾನು ಸ್ಕೂಲಲ್ಲಿ ಸರಿಯಾಗಿ ಓದಿರಲಿಲ್ಲ, ಅದಕ್ಕೇ 1859ರಲ್ಲಿ ದುಡಿಯೋರಿಗೆ, ಹೆಂಗಸರಿಗೂ ಸೇರಿಸಿ, ಕೂಪರ್ ಯೂನಿಯನ್ ಅನ್ನೋ ಪುಕ್ಕಟೆ ಕಾಲೇಜು ತೆರೆದ. ಮರುವರ್ಷ ಅಬ್ರಹಾಂ ಲಿಂಕನ್ ಭಾಷಣ ಮಾಡಿ ಹೆಸರು ಮಾಡಿದ್ದು ಇದೇ ಕಟ್ಟಡದಲ್ಲಿ. ಹುಡುಗನಾಗಿದ್ದಾಗ ಪೀಟರ್ ಕಲಿತ ಕಸುಬು ಸಾರೋಟು ಕಟ್ಟೋದು. ಒಬ್ಬ ಕೂಪರ್ ಚಕ್ರ, ಒಬ್ಬ ಕೂಪರ್ ಗಾಡಿ. ಪೀಪಾಯಿ ಮಾತ್ರ ಬೇಡ.

ಕೂಬರ್ ಪೀಡಿ, ಕ್ಯುಪರ್ಟಿನೊ?

ಎರಡಕ್ಕೂ ಕೂಪರ್‌ಗೂ ಸಂಬಂಧ ಇಲ್ಲ. ಆಸ್ಟ್ರೇಲಿಯಾದ ಕೂಬರ್ ಪೀಡಿ, ಅದೇ ಜನ ನೆಲದೊಳಗೆ ಮನೆ ಮಾಡ್ಕೊಂಡಿರೋ ಓಪಲ್ ಗಣಿ ಊರು, ಅಲ್ಲಿನ ಮೂಲನಿವಾಸಿಗಳ 'ಕೂಪ ಪೀಟಿ', ಬಿಳಿಯರ ಗುಂಡಿ ಅಂತ ಅರ್ಥ. ಆ್ಯಪಲ್ ಕಂಪನಿಯ ಊರು ಕ್ಯುಪರ್ಟಿನೊಗೆ ಇಟಲಿಯ ಕೊಪರ್ಟಿನೊ ಊರಿನ ಸಂತ ಜೋಸೆಫ್ ಮೂಲ.

ಮುಂಬೈಯ ಕೂಪರ್ ಆಸ್ಪತ್ರೆ ಬ್ರಿಟಿಷರದ್ದಾ?

ಅಲ್ಲ, ಪಾರ್ಸಿ ಹೆಸರು. ಪಾರ್ಸಿಗಳು ಬ್ರಿಟಿಷ್ ಕಾಲದಲ್ಲಿ ಇಂಗ್ಲಿಷ್ ಕಸುಬಿನ ಪದಗಳನ್ನೇ ಸರ್‌ನೇಮ್ ಮಾಡ್ಕೊಂಡರು, ಕ್ರಿಕೆಟಿನ ಫರೋಕ್ ಎಂಜಿನಿಯರ್, ನರಿ ಕಾಂಟ್ರಾಕ್ಟರ್ ನೆನಪಿಸ್ಕೊಳ್ಳಿ. ಇಂಗ್ಲೆಂಡಲ್ಲಿ 13ನೇ ಶತಮಾನದಲ್ಲಿ ನಡೆದಿದ್ದು ಇಲ್ಲಿ 19ನೇ ಶತಮಾನದಲ್ಲಿ ಇನ್ನೊಂದು ಸಲ ನಡೀತು.

ಕರ್ನಾಟಕಕ್ಕೆ ಸಂಬಂಧಪಟ್ಟ ಕೂಪರ್ ಒಬ್ಬರಿದಾರೆ, ಸರ್ ಧನಜೀಶಾ ಕೂಪರ್. ಸಾತಾರಾದಲ್ಲಿ ಕಬ್ಬಿಣದ ನೇಗಿಲು, ಎಂಜಿನ್ ಕಾರ್ಖಾನೆ ಇಟ್ಟಿದ್ದವರು. 1937ರ ಚುನಾವಣೇಲಿ ಕಾಂಗ್ರೆಸ್ ಗೆದ್ರೂ ಮೊದಲು ಅಧಿಕಾರ ಬೇಡ ಅಂತು, ಆಗ ಏಪ್ರಿಲಿಂದ ಜುಲೈ ತನಕ ಇವರು ಬಾಂಬೆ ಪ್ರಾಂತ್ಯದ ಮೊದಲ ಪ್ರಧಾನಿ, ಆಗ ಪ್ರಾಂತ್ಯದ ಮುಖ್ಯಸ್ಥರಿಗೆ ಹಾಗೇ ಅಂತಿದ್ರು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಎಲ್ಲಾ ಆ ಪ್ರಾಂತ್ಯದಲ್ಲೇ ಇದ್ದವು. ಅಂದ್ರೆ ನಾಲ್ಕು ತಿಂಗಳಿಗೂ ಕಮ್ಮಿ ಕಾಲ ಅರ್ಧ ಉತ್ತರ ಕರ್ನಾಟಕಕ್ಕೆ ಪೀಪಾಯಿ ಸರ್ಕಾರ.

ಕನ್ನಡದಲ್ಲಿ ಕೂಪರ್‌ಗೆ ಸಮನಾದ ಅಡ್ಡಹೆಸರು ಇದೆಯಾ?

ಬಡಿಗೇರ, ಕಂಬಾರ, ಪತ್ತಾರ, ಕುಂಬಾರ, ಗಾಣಿಗೇರ, ಹೂಗಾರ, ಎಲ್ಲಾ ಇದೆ, ಪೀಪಾಯಿಗಾರ ಇಲ್ಲ. ಯಾಕಂದ್ರೆ ನಮಗೆ ಮರದ ಪೀಪಾಯಿ ಬೇಕಿರಲಿಲ್ಲ. ನೀರಿಗೆ ಮಡಕೆ, ಹಂಡೆ, ಎಣ್ಣೆ ತುಪ್ಪಕ್ಕೆ ತೊಗಲಿನ ಸಿದ್ದಿಗೆ, ಕಾಳಿಗೆ ಕಣಜ, ಹಗೇವು. ಕೆಲಸ ನೋಡಿದ್ರೆ ಅವರ ಕೂಪರ್ ಅಂದ್ರೆ ನಮ್ಮ ಕುಂಬಾರಣ್ಣನೇ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಅಲ್ಲಿ ಕೂಪರ್ ಅಂದ್ರೆ ಯಾರೂ ಹಿಂದೆ ಮುಂದೆ ನೋಡಲ್ಲ, ಇಲ್ಲಿ ಕಸುಬಿನ ಹೆಸರು ಹೇಳಿದ ಕೂಡಲೇ ಎದುರಿನವನು ಮನಸ್ಸಲ್ಲೇ ಜಾತಿ ಲೆಕ್ಕ ಹಾಕಿ ಮುಗಿಸಿರ್ತಾನೆ.

ಮಿನಿ ಕೂಪರ್ ಕಾರು, ಡಿ.ಬಿ. ಕೂಪರ್?

ಕಾರು ರೇಸ್ ಕಾರು ಕಟ್ಟೋ ಜಾನ್ ಕೂಪರ್ ಹೆಸರಿನದು, 1961ರಲ್ಲಿ ಬಂತು. ಡಿ.ಬಿ. ಕೂಪರ್ ಅಂದ್ರೆ 1971ರ ನವೆಂಬರಲ್ಲಿ ಅಮೆರಿಕದಲ್ಲಿ ವಿಮಾನ ಅಪಹರಿಸಿ ಎರಡು ಲಕ್ಷ ಡಾಲರ್ ಇಸ್ಕೊಂಡು ಪ್ಯಾರಾಶೂಟಲ್ಲಿ ಹಾರಿ ಮಾಯವಾದವನು. ಟಿಕೆಟ್ಟಿಗೆ ಕೊಟ್ಟ ಹೆಸರು ಡ್ಯಾನ್ ಕೂಪರ್, ಪತ್ರಿಕೆಯವರು ಡಿ.ಬಿ. ಮಾಡಿಬಿಟ್ರು. ಮನುಷ್ಯ ಸಿಕ್ಕೇ ಇಲ್ಲ.

ಈಗ ಪೀಪಾಯಿ ಮಾಡೋ ನಿಜವಾದ ಕೂಪರ್‌ಗಳು ಉಳಿದಿದಾರಾ?

ಬಿಯರ್ ಕಡೆ ಬಹುಪಾಲು ಮುಗೀತು, ಲೋಹದ ಪೀಪಾಯಿ ಬಂದಮೇಲೆ. ಉಳಿಸಿದ್ದು ವಿಸ್ಕಿ. ಸ್ಕಾಚ್ ಅನ್ನಿಸ್ಕೋಬೇಕಾದ್ರೆ ಓಕ್ ಪೀಪಾಯಿಲಿ ಕಮ್ಮಿ ಅಂದ್ರೂ 3 ವರ್ಷ ಇರಬೇಕು ಅಂತ ಕಾನೂನಿದೆ. ಅಮೆರಿಕದ ಬರ್ಬನ್ ವಿಸ್ಕಿಗೆ ಒಳಗೆ ಸುಟ್ಟ ಹೊಸ ಓಕೇ ಆಗಬೇಕು, ಹಾಗಾಗಿ ಅವರು ಬಳಸಿ ಬಿಟ್ಟ ಪೀಪಾಯಿಗಳು ಪ್ರಪಂಚ ಸುತ್ತುತ್ತವೆ, ಸ್ಕಾಟ್ಲೆಂಡಿಗೂ ಹೋಗ್ತವೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರ್ತವೆ. ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಬಿಡುಗಡೆ ಆಗಿದ್ದು ಗ್ಲಾಸ್ಗೋದಲ್ಲಿ, ಹುಲಿಯ ಗುಹೇಲೇ ಹೋಗಿ ಸೆಡ್ಡು ಹೊಡೆದ ಹಾಗೆ. ಸ್ಕಾಟ್ಲೆಂಡಿನ ಚಳೀಲಿ ವರ್ಷಕ್ಕೆ ಶೇಕಡಾ 2ರಷ್ಟು ಮರದ ಮೂಲಕ ಆವಿಯಾಗಿ ಹೋದ್ರೆ ಬೆಂಗಳೂರಲ್ಲಿ ಶೇಕಡಾ 10-12. ಇದಕ್ಕೆ ಅವರು ದೇವತೆಗಳ ಪಾಲು ಅಂತಾರೆ. ನಮ್ಮ ದೇವತೆಗಳಿಗೆ ಬಾಯಾರಿಕೆ ಸ್ವಲ್ಪ ಜಾಸ್ತಿ.

ಟೆರೇಸ್ ಮೇಲಿನ ಪೀಪಾಯಿ ಏನಾಯ್ತು?

ವಾಪಸ್ ಜೋಡಿಸೋಕೆ ಎರಡು ಭಾನುವಾರ ಒದ್ದಾಡಿದೆ. ಹಲಗೆ ನೆನೆಸಿ, ಹಗ್ಗ ಕಟ್ಟಿ, ಒಂದು ಕಡೆ ಸೇರಿಸಿದ್ರೆ ಇನ್ನೊಂದು ಕಡೆ ಬೀಳ್ತಿತ್ತು, ಏಳು ವರ್ಷ ಕಲಿಯೋ ಕೆಲಸಾನ ಎರಡು ಭಾನುವಾರಕ್ಕೆ ಕಲಿಯೋಕೆ ಹೋದ್ರೆ ಹಾಗೇ. ಈಗ ಹಲಗೆಗಳು ಅಮ್ಮನ ತುಳಸಿ ಪಾತಿಗೆ ಬೇಲಿ. ಬಳೆಗಳನ್ನ ಪಕ್ಕದ ಮನೆ ಹುಡುಗ ತಗೊಂಡು ಹೋಗಿ ಕೋಲಿಂದ ಗಾಲಿ ಓಡಿಸ್ತಾನೆ. ನೇರ ಹೋಗಲ್ಲ ಅಂಕಲ್, ಒಂದೇ ಕಡೆ ತಿರುಗುತ್ತೆ ಅಂತ ದೂರು ತಂದಿದ್ದ. ಹಿಡಿದು ನೋಡಿದೆ, ಬಳೆಯ ಒಂದು ಅಂಚು ಕಿರಿದು, ಇನ್ನೊಂದು ಅಂಚು ಅಗಲ, ಪೀಪಾಯಿ ಹೊಟ್ಟೆಯ ಇಳಿಜಾರಿಗೆ ಸರಿಯಾಗಿ ಬಡಿದಿದಾರೆ. ಅದು ತಿರುಗಲೇಬೇಕು.